ಹೆಗಲ ಮೇಲಿನ ಓದುಗ

ಕಾದಂಬರಿ ಓದುವಾಗ ನಾನು ಪ್ರತಿ ಪುಟದ ಕೊನೆಗೆ ಬಂದು ಸುಮ್ಮನೆ ಕೂರುತ್ತೇನೆ. ಕಣ್ಣು ಕೊನೆಯ ಸಾಲನ್ನು ಮುಗಿಸಿರುತ್ತದೆ, ಬೆರಳು ಹಾಳೆಯ ತುದಿ ಹಿಡಿದಿರುತ್ತದೆ, ಹಾಳೆ ಮಾತ್ರ ಮಗುಚುವುದಿಲ್ಲ. ಹೀಗೆ ಒಂದರ್ಧ ನಿಮಿಷ. ನೋಡಿದವರು ನಾನು ಓದಿದ್ದನ್ನು ಮೆಲುಕು ಹಾಕುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಇಷ್ಟೇ ಕಾರಣಕ್ಕೆ ಒಬ್ಬಿಬ್ಬರು ನನ್ನನ್ನು ವಿಚಾರವಂತ ಎಂದು ಕರೆದದ್ದೂ ಉಂಟು. ನಾನು ಅಲ್ಲಗಳೆದಿಲ್ಲ. ಹೆಂಡತಿ ಮಾತ್ರ "ನಿದ್ದಿ ಬಂತೇನ್ರಿ?" ಎಂದು ಕೇಳುತ್ತಾಳೆ. ನಿಜಸಂಗತಿ ಎರಡೂ ಅಲ್ಲ. ಶಿವಶರಣಪ್ಪನವರು ಪುಟ ಮುಗಿಸಲಿ ಎಂದು ನಾನು ಕಾಯುತ್ತಿರುತ್ತೇನೆ. ಅವರು ಪಕ್ಕದಲ್ಲಿ ಇರುವುದಿಲ್ಲ, ಆ ಮಾತು ಬೇರೆ.

ನಾನು ಗಣಿತದ ಮಾಸ್ತರ. ಮನೆ ಕಲಬುರಗಿಯಲ್ಲಿ, ಶಾಲೆ ಕಮಲಾಪುರದಲ್ಲಿ. ಎಂಬತ್ತರ ದಶಕದಲ್ಲಿ ಈ ಎರಡರ ನಡುವೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ, ಬಸ್ಸಿಗೆ ಮನಸ್ಸಿದ್ದರೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ. ಯಾರೂ ಕೆಲಸ ಹೇಳದ ಎರಡು ಗಂಟೆ ದಿನಾಲೂ ಸಿಕ್ಕರೆ ಮನುಷ್ಯ ಒಂದೋ ಸನ್ಯಾಸಿಯಾಗುತ್ತಾನೆ, ಇಲ್ಲವೇ ಕಾದಂಬರಿ ಓದುತ್ತಾನೆ. ಸನ್ಯಾಸಕ್ಕೆ ನಮ್ಮ ಮನೆಯಲ್ಲಿ ಒಪ್ಪಿಗೆ ಇರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುವ ಒಂದು ಅಂಗಡಿ ಇತ್ತು. ಅಲ್ಲಿ ಕೈಗೆ ಸಿಕ್ಕಿದ್ದನ್ನು ತರುತ್ತಿದ್ದೆ. ಒಂದು ವಾರ ಖೂನಿ, ಮುಂದಿನ ವಾರ ಹಾರುವ ಕುದುರೆ, ಅದರ ಮುಂದಿನ ವಾರ ವೈದ್ಯನನ್ನು ಪ್ರೀತಿಸುವ ನರ್ಸು, ನಡುನಡುವೆ ಬದುಕಿನ ಅರ್ಥ ಹುಡುಕುವ ಒಬ್ಬ ತೆಳ್ಳನೆಯ ನಾಯಕ. ನಮ್ಮದು ಮಡಿ ಮೈಲಿಗೆ ನೋಡುವ ಮನೆತನ. ಅಡಿಗೆಮನೆಯಲ್ಲಿ ಕನ್ನಡ ಮರಾಠಿ ಬಿಟ್ಟರೆ ಇನ್ನಾವುದನ್ನೂ ಬೆರೆಸುವವರಲ್ಲ. ಕಾದಂಬರಿಯ ಮಟ್ಟಿಗೆ ಮಾತ್ರ ನಾನು ಮಡಿ ಬಿಟ್ಟವನು. ತಿಳಿದವರು ಕಾದಂಬರಿಗಳನ್ನು ಗಂಭೀರ, ಜನಪ್ರಿಯ ಎಂದು ಎರಡು ಪಂಕ್ತಿಯಲ್ಲಿ ಕೂರಿಸುತ್ತಾರೆ. ನನಗೆ ಊಟ ಮುಖ್ಯ. ಎರಡೂ ಪಂಕ್ತಿಯಲ್ಲಿ ಕೂತು ಉಂಡಿದ್ದೇನೆ, ಎರಡೂ ಕಡೆ ಉಪ್ಪು ಕಡಿಮೆಯಾದದ್ದನ್ನು ಕಂಡಿದ್ದೇನೆ.

ಒಂದು ದಿನ ಬಸ್ಸು ಕಪನೂರಿನ ಕಾರ್ಖಾನೆಗಳನ್ನು ದಾಟುತ್ತಿತ್ತು. ನನ್ನ ಪುಸ್ತಕದಲ್ಲಿ ಒಬ್ಬ ಸಾಹುಕಾರ ಬಾವಿಯ ಪಕ್ಕದಲ್ಲಿ ಸತ್ತು ಬಿದ್ದಿದ್ದ. ಗಡಿಬಿಡಿಯಿಂದ ಹಾಳೆ ಮಗುಚಿದೆ. ಎಡಹೆಗಲಿನ ಮೇಲಿಂದ ಒಂದು ದನಿ ಬಂತು.

"ತಡೀರಿ ಮಾಸ್ತರ, ನಂದು ಇನ್ನಾ ಮುಗಿದಿಲ್ಲ. ಬಾವಿ ಕಟ್ಟಿಗೆ ಬಂದೀನಿ ಅಷ್ಟೇ."

ತಿರುಗಿ ನೋಡಿದರೆ ಬಿಳಿ ಧೋತರ, ಕರಿ ಟೊಪ್ಪಿಗೆ, ಹಣೆಯ ಮೇಲೆ ವಿಭೂತಿ, ಐವತ್ತೈದು ದಾಟಿದ ಮುಖ. ಬೇರೆಯವರ ಪುಸ್ತಕ ಓದುತ್ತಿದ್ದ ಸಂಕೋಚ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಪುಟ ಮಗುಚಿದ ತಪ್ಪು ನನ್ನದೇ ಎನ್ನುವಂತೆ ನೋಡುತ್ತಿದ್ದರು. ಏಕೋ ನಾನೂ ತಪ್ಪೊಪ್ಪಿಕೊಂಡು ಹಾಳೆಯನ್ನು ಹಿಂದಕ್ಕೆ ಮಗುಚಿದೆ. ಅವರು ಸಾವಕಾಶವಾಗಿ ಓದಿ, ಬಾವಿ ಸುತ್ತು ಹಾಕಿ, ಹೆಣ ನೋಡಿ, "ಹೂಂ" ಎಂದರು. ಆಗ ಹಾಳೆ ಮಗುಚಿದೆ. ಮುಂದೆ ನಾಲ್ಕು ವರ್ಷ ನಡೆದ ಪದ್ಧತಿ ಅಂದು ಹೀಗೆ ಶುರುವಾಯಿತು.

ಶಿವಶರಣಪ್ಪನವರ ಕಸುಬೇ ಓದು. ದಿನಾಲೂ ನನ್ನಂತೆಯೇ ಕಲಬುರಗಿಯಿಂದ ಅದೇ ಬಸ್ಸಿಗೆ ಹೋಗಿ ಬರುತ್ತಿದ್ದರು. ಕಮಲಾಪುರದಲ್ಲಿ ಕಂದಾಯ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅವರ ಚಾಪೆ. ನಿಜಾಮರ ಕಾಲದ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿದ್ದವು, ಅವುಗಳನ್ನು ಇಟ್ಟುಕೊಂಡ ರೈತರಿಗೆ ಉರ್ದು ಬರುತ್ತಿರಲಿಲ್ಲ. ಕಾಗದ ತಂದವರಿಗೆ ಇವರು ಓದಿ, ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದರು. ಅಜ್ಜ ಯಾರಿಗೆ ಏನು ಬಿಟ್ಟ, ಕಾಕಾ ಎಲ್ಲಿ ಹೆಬ್ಬೆಟ್ಟು ಒತ್ತಿದ, ಇದನ್ನೇ ದಿನವಿಡೀ ಓದುವವರಿಗೆ ಪತ್ತೇದಾರಿ ಕಾದಂಬರಿ ಎಂದರೆ ಬಾಲಬೋಧೆ. ನಾನು ಗಣಿತದವನು, ಬಾಗಿಲು, ಕಿಟಕಿ, ಗಡಿಯಾರದ ಹೊತ್ತು ಎಲ್ಲ ಕೂಡಿ ಕಳೆದು ಕೊಲೆಗಾರನನ್ನು ಹುಡುಕುತ್ತಿದ್ದೆ. ಅವರು ಒಂದೇ ಸೂತ್ರ ಹಿಡಿದಿದ್ದರು. "ಈ ಅಳಿಯಾ ಯಾಕಷ್ಟು ಒಳ್ಳೆಯವ ಇದ್ದಾನ? ಇವನ ಮ್ಯಾಲ ನಿಗಾ ಇಡ್ರಿ," ಎನ್ನುತ್ತಿದ್ದರು. ಹತ್ತರಲ್ಲಿ ಎಂಟು ಸಲ ಅಳಿಯನೇ ಆಗಿರುತ್ತಿದ್ದ. ನನ್ನ ಲೆಕ್ಕ ಎರಡು ಸಲವೂ ಸರಿಬಂದ ನೆನಪಿಲ್ಲ. ನನ್ನದು ತಪ್ಪಿದ ದಿನ ಶಾಲೆಯಲ್ಲಿ ಮಕ್ಕಳ ಲೆಕ್ಕ ತಪ್ಪಿದರೆ ನಾನು ಹೆಚ್ಚು ಬೈಯುತ್ತಿರಲಿಲ್ಲ.

ಮಾಯಾಲೋಕದ ಕಥೆಗಳಲ್ಲಿ ಅವರಿಗೆ ಏಳು ಹೆಡೆಯ ಸರ್ಪ, ಮಾತಾಡುವ ಗಿಡ ಯಾವುದರ ಬಗ್ಗೆಯೂ ತಕರಾರು ಇರಲಿಲ್ಲ. ಕೊನೆಗೆ ರಾಜ ಅರ್ಧ ರಾಜ್ಯ ಕೊಟ್ಟನೆಂದು ಬಂದರೆ ಮಾತ್ರ ನನ್ನ ಕೈ ಹಿಡಿದು ನಿಲ್ಲಿಸುತ್ತಿದ್ದರು. "ಯಾವ ಅರ್ಧ? ಮೂಡಣಕ್ಕ ಏನದ, ಪಡುವಣಕ್ಕ ಏನದ, ಏನೂ ಬರ್ದಿಲ್ಲ. ಇವರ ಮೊಮ್ಮಕ್ಕಳು ಬಡಿದಾಡಿ ಸಾಯ್ತಾರ ನೋಡ್ರಿ." ಆ ಮೊಮ್ಮಕ್ಕಳ ಚಿಂತೆಯಲ್ಲಿ ಅವರು ಕಮಲಾಪುರದವರೆಗೂ ಮಂಕಾಗಿರುತ್ತಿದ್ದರು.

ಪ್ರೇಮ ಕಾದಂಬರಿಗಳು ನಮ್ಮನ್ನು ಪೇಚಿಗೆ ಸಿಕ್ಕಿಸಿದವು. ನಾಯಕ ನಾಯಕಿ ಒಬ್ಬರ ಕೈ ಒಬ್ಬರು ಹಿಡಿದು ಹತ್ತಿರ ಬಂದ ಕೂಡಲೇ ಶಿವಶರಣಪ್ಪನವರು ಕಿಟಕಿಯ ಹೊರಗೆ ತೊಗರಿ ಹೊಲ ನೋಡತೊಡಗುತ್ತಿದ್ದರು. ಹಿರಿಯರ ಪಕ್ಕದಲ್ಲಿ ಕೂತು ಇಂಥದ್ದನ್ನು ಓದುವುದು ಹೇಗೆ ಎಂದು ನಾನು ಎದುರಿನ ಸೀಟಿನ ಬೆನ್ನು ನೋಡುತ್ತಿದ್ದೆ. ಅವರು ಓದದೆ "ಹೂಂ" ಎನ್ನುವಂತಿಲ್ಲ, ಹೂಂ ಎನ್ನದೆ ನಾನು ಮಗುಚುವಂತಿಲ್ಲ. ಆ ಇಬ್ಬರು ಪ್ರೇಮಿಗಳು ನನ್ನ ತೊಡೆಯ ಮೇಲೆ ಮೂರು ನಾಲ್ಕು ಮೈಲಿ ಅದೇ ಭಂಗಿಯಲ್ಲಿ ಪ್ರಯಾಣ ಮಾಡುತ್ತಿದ್ದರು.

ಗಂಭೀರ ಕಾದಂಬರಿಯೊಂದರಲ್ಲಿ ನಾಯಕ ಹನ್ನೊಂದು ಪುಟ ಗೋಡೆ ನೋಡುತ್ತ ಕೂತ. "ಇವಗೇನಾಗ್ಯದರಿ?" ಎಂದು ಕೇಳಿದರು. ಬದುಕಿಗೆ ಅರ್ಥ ಕಾಣುತ್ತಿಲ್ಲವಂತೆ ಎಂದೆ. "ಮನಿ ಮಂದಿ ಯಾರೂ ಉಣಲಾಕ ಕರೀಲಿಲ್ಲೇನು?" ಎಂದರು. ನನಗೆ ನಗು ಬಂತು. ಆದರೆ ಅದೇ ಪುಸ್ತಕದ ಕೊನೆಗೆ ಅವನ ತಾಯಿ ಊಟದ ತಾಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಾಗ ಶಿವಶರಣಪ್ಪನವರು ಬಹಳ ಹೊತ್ತು "ಹೂಂ" ಎನ್ನಲಿಲ್ಲ. ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಗೋಡೆಯ ಹನ್ನೊಂದು ಪುಟ ಯಾಕೆ ಬೇಕಿತ್ತೆಂದು ನನಗೆ ತಿಳಿದದ್ದು ಅವತ್ತು.

ಇಷ್ಟೆಲ್ಲ ಆಸೆ ಇದ್ದವರು ಒಂದು ದಿನವೂ ಪುಸ್ತಕವನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಮನೆಗೆ ಒಯ್ಯಿರಿ ಎಂದರೆ ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆ ತೆಗೆಯುತ್ತಿದ್ದರು. ಬಹಳ ಒತ್ತಾಯ ಮಾಡಿದ ಮೇಲೆ ಕಾರಣ ಹೇಳಿದರು. ಅವರು ಸಾಲೆ ಕಲಿತದ್ದು ಉರ್ದುವಿನಲ್ಲಿ. ಆಗ ಅದೊಂದೇ ಇತ್ತು. ಕನ್ನಡ ಅವರ ಮನೆಮಾತು, ಆದರೆ ಕನ್ನಡ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಮಗಳ ಪಠ್ಯಪುಸ್ತಕ ನೋಡಿ. ಕಣ್ಣು ಹೇಗೋ ಪಳಗಿತು, ಕೈ ಪಳಗಲಿಲ್ಲ. ಉರ್ದು ಪುಸ್ತಕ ಶುರುವಾಗುವುದು ನಮ್ಮ ಪುಸ್ತಕ ಮುಗಿಯುವ ಕಡೆಯಿಂದ. ಅವರು ಮೊದಲ ಸಲ ಒಂದು ಕನ್ನಡ ಪತ್ತೇದಾರಿ ಕಾದಂಬರಿ ಹಿಡಿದಾಗ ಕೈ ತನ್ನ ರೂಢಿಯಂತೆ ಹಿಂದಿನಿಂದ ತೆರೆಯಿತು, ಕಣ್ಣು ಕೊಲೆಗಾರನ ಹೆಸರಿನ ಮೇಲೆ ಬಿತ್ತು.

"ಎರಡನೇದು ಹಿಡಿದೆ, ಅದೂ ಹಂಗೇ ಆಯ್ತು. ಮೂರನೇದೂ ಹಂಗೇ. ಕೈಗೆ ಎಷ್ಟ್ ಬುದ್ಧಿ ಹೇಳಿದ್ರೂ ಕೇಳವಲ್ದು. ಅದಕ್ಕ ಪುಸ್ತಕ ನೀವು ಹಿಡೀರಿ, ನಾ ನೋಡ್ತೀನಿ," ಎಂದರು.

ಲೋಕದಲ್ಲಿ ಎಷ್ಟೋ ಜನ ಬೇಕೆಂದೇ ಕೊನೆಯ ಪುಟ ಮೊದಲು ಓದುತ್ತಾರೆ. ತಮ್ಮ ಕೈಯ ಭಯಕ್ಕೆ ಕಾದಂಬರಿಯನ್ನು ಮುಟ್ಟದೇ ಇದ್ದವರೆಂದರೆ ನಾನು ಕಂಡದ್ದು ಇವರೊಬ್ಬರನ್ನೇ. ಅವರ ಪಾಲಿನ ಕಥೆಗಳೆಲ್ಲ ನನ್ನ ಕೈಯಲ್ಲಿವೆ ಎಂದು ತಿಳಿದ ಮೇಲೆ ನಾನು ಎಚ್ಚರದಿಂದ ಇರಬೇಕಿತ್ತು. ಇರಲಿಲ್ಲ.

ಅದೊಂದು ಹಳೆಯ ವಾಡೆಯಲ್ಲಿ ನಡೆದ ಖೂನಿಯ ಕಥೆ. ಶನಿವಾರ ಬಸ್ಸಿಳಿಯುವಾಗ ಇನ್ನು ಮೂವತ್ತು ಪುಟ ಉಳಿದಿತ್ತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪುಸ್ತಕ ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಎರಡು ಪುಟ ಮಾತ್ರ ಎಂದು ಕೂತವನು ಮೂವತ್ತನ್ನೂ ಮುಗಿಸಿ ಎದ್ದೆ. ಸೋಮವಾರ ಬಸ್ಸಿನಲ್ಲಿ ಏನೂ ಅರಿಯದವನಂತೆ ಪುಸ್ತಕ ತೆರೆದೆ. ಹುಬ್ಬು ಏರಿಸುವ ಕಡೆ ಏರಿಸಿದೆ, ಬೆರಗಾಗುವ ಕಡೆ ಬೆರಗಾದೆ. ನಾಲ್ಕನೆಯ ಪುಟಕ್ಕೆ ಅವರು ಪುಸ್ತಕ ಬಿಟ್ಟು ನನ್ನ ಮುಖ ಓದತೊಡಗಿದರು.

"ಮಾಸ್ತರ, ನೀವು ಇವತ್ತ ಭಾಳ ಸಮಾಧಾನದಾಗ ಇದ್ದೀರಿ. ಖೂನಿ ಆದ ಮನ್ಯಾಗ ಇಷ್ಟು ಸಮಾಧಾನ ಇರ್ತದೇನ್ರಿ?"

ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಧೋತರದ ಚುಂಗು ಎತ್ತಿಕೊಂಡು ಹೋಗಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಮರುದಿನವೂ ಅಲ್ಲೇ, ಮರುವಾರವೂ ಅಲ್ಲೇ. ನಮಸ್ಕಾರಕ್ಕೆ ನಮಸ್ಕಾರ ಬರುತ್ತಿತ್ತು, ಅಷ್ಟೇ. ನಾನು ಒಬ್ಬನೇ ಓದಿದೆ. ಹಾಳೆಗಳು ಬೇಗ ಬೇಗ ಮಗುಚಿದವು. ಅಳಿಯಂದಿರ ಮೇಲೆ ನಿಗಾ ಇಡಲು ಯಾರೂ ಇರಲಿಲ್ಲ. ನನಗೆ ಕಾದಂಬರಿ ಇಷ್ಟವೋ ಅವರ ಜೊತೆ ಕಾದಂಬರಿ ಓದುವುದು ಇಷ್ಟವೋ ಎಂಬ ಸಂಶಯ ಬಂದು, ಮನಸ್ಸಿಗೆ ನಿಜವಾಗಿಯೂ ನೋವಾಯಿತು. ನಾಲ್ಕನೆಯ ವಾರ ಕಲಬುರಗಿಗೇ ವರ್ಗದ ಆದೇಶ ಬಂತು. ಮನೆಯಿಂದ ಹತ್ತು ನಿಮಿಷದ ಶಾಲೆ. ಎಲ್ಲರೂ ಅಭಿನಂದಿಸಿದರು. ಇನ್ನು ಆ ಬಸ್ಸೂ ಇಲ್ಲ, ರಾಜಿಯಾಗುವ ದಾರಿಯೂ ಇಲ್ಲ ಎಂದು ನಾನು ಯಾರಿಗೂ ಹೇಳಲಿಲ್ಲ.

ಆ ವಾರ ಒಂದು ಹೊಸ ಪತ್ತೇದಾರಿ ಕಾದಂಬರಿ ಕೊಂಡೆ. ಕೊನೆಯ ಹದಿನಾರು ಪುಟ ಉಳಿಯುವವರೆಗೆ ಓದಿದೆ. ಮನೆಯ ಯಜಮಾನನಿಗೆ ವಿಷ ಹಾಕಿದ್ದು ಡಾಕ್ಟರೋ ನಾದಿನಿಯೋ ಎಂಬಲ್ಲಿ ನಿಲ್ಲಿಸಿ, ಗಾದಿ ಹೊಲಿಯುವ ದಬ್ಬಣ ತಂದು, ಆ ಹದಿನಾರು ಪುಟಗಳನ್ನು ಮೂರೂ ಅಂಚಿಗೆ ದಾರ ಹಾಕಿ ಹೊಲಿದುಬಿಟ್ಟೆ. ಹೆಂಡತಿ ಎದುರಿಗೇ ಕೂತಿದ್ದಳು. ಕಥೆಯ ಮೇಲಿನ ಆಸೆಗಲ್ಲ, ದಬ್ಬಣ ಮುರಿದೀತೆಂಬ ಹೆದರಿಕೆಗೆ.

ಕಮಲಾಪುರದ ಕೊನೆಯ ದಿನ ಬೇವಿನ ಮರದ ಕೆಳಗೆ ಹೋಗಿ ಪುಸ್ತಕ ಅವರ ಚಾಪೆಯ ಮೇಲಿಟ್ಟೆ. ಅವರು ಬಹಳ ಹೊತ್ತು ನೋಡಿ ಕೈಗೆತ್ತಿಕೊಂಡರು. ಕೈ ರೂಢಿಯಂತೆ ಹಿಂದಿನಿಂದ ತೆರೆಯಲು ಹೋಯಿತು. ದಾರ ತಡೆಯಿತು.

"ಇದು ನೀವು ಓದೀರೇನು?"

"ಹೊಲಿಗಿ ತನಕ ಓದೀನ್ರಿ. ಮುಂದ ಇಲ್ಲ."

"ಗವಾ ಯಾರು?"

"ನನ್ನ ಹೆಂಡತಿ ಇದ್ದಾಳ್ರಿ."

ಸಾಕ್ಷಿ ಸಿಕ್ಕಮೇಲೂ ತೀರ್ಪು ಹೇಳಲಿಲ್ಲ. ಪುಸ್ತಕವನ್ನು ಹಳೆಯ ಕಾಗದಗಳ ಗಂಟಿನಲ್ಲಿ ಇಟ್ಟು ಕಟ್ಟಿದರು. ನಾನು ಬಸ್ಸು ಹತ್ತಿದೆ.

ಎರಡು ತಿಂಗಳಾಯಿತು. ಒಂದು ಭಾನುವಾರ ಬೆಳಿಗ್ಗೆ ಮನೆಯ ಬಾಗಿಲಲ್ಲಿ ಶಿವಶರಣಪ್ಪನವರು, ಕಂಕುಳಲ್ಲಿ ಆ ಪುಸ್ತಕ. ಹೆಂಡತಿ ಚಹಾ ತಂದಳು. ಪುಸ್ತಕ ತೆಗೆದುಕೊಂಡು ನೋಡಿದೆ. ಹೊಲಿಗೆಯ ತನಕದ ಪುಟಗಳು ಓದಿ ಓದಿ ಮೆತ್ತಗಾಗಿದ್ದವು. ಹೊಲಿಗೆ ಮಾತ್ರ ನಾನು ಹಾಕಿದ ಹಾಗೆಯೇ ಇತ್ತು, ಒಂದು ಎಳೆಯೂ ಕಡಿದಿರಲಿಲ್ಲ.

"ಯಾಕ್ರಿ, ಮನ್ಯಾಗ ಕತ್ತರಿ ಇರಲಿಲ್ಲೇನು?" ಎಂದೆ.

"ಕತ್ತರಿ ಇತ್ರಿ," ಎಂದರು. "ನಮ್ಮ ಬಸ್ ಇರಲಿಲ್ಲ."

ನಾನು ಒಳಗೆ ಹೋಗಿ ಹೆಂಡತಿಯ ಕತ್ತರಿ ಜೇಬಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿದೆ. ಎಲ್ಲಿಗೆ ಎಂದು ಕೇಳಿದಳು. ಕಮಲಾಪುರಕ್ಕೆ ಎಂದೆ. ಭಾನುವಾರ ಕಮಲಾಪುರದಲ್ಲಿ ನನಗೆ ಶಾಲೆಯೂ ಇರಲಿಲ್ಲ, ಅವರಿಗೆ ಕಚೇರಿಯೂ ಇರಲಿಲ್ಲ.

ಕಪನೂರು ದಾಟುವಾಗ ದಾರ ಕತ್ತರಿಸಿದೆವು. ಮಹಾಗಾಂವ ಕ್ರಾಸಿನ ಹೊತ್ತಿಗೆ ಹದಿನಾರೂ ಪುಟ ಮುಗಿದವು. ವಿಷ ಹಾಕಿದ್ದು ಡಾಕ್ಟರೂ ಅಲ್ಲ, ನಾದಿನಿಯೂ ಅಲ್ಲ; ಇಡೀ ಪುಸ್ತಕದಲ್ಲಿ ಎರಡೇ ಸಲ ಬಂದು ಹೋದ ತೋಟದ ಮಾಲಿ. "ಇದು ಮೋಸ ಅದ," ಎಂದರು ಶಿವಶರಣಪ್ಪನವರು. ಶುದ್ಧ ಮೋಸ ಎಂದೆ ನಾನು. ಇಬ್ಬರೂ ಸೇರಿ ಬರೆದವನನ್ನು ಮನಸಾರೆ ಬೈದೆವು. ಅಷ್ಟು ಸಂತೋಷ ನನಗೆ ತಿಂಗಳುಗಟ್ಟಲೆ ಆಗಿರಲಿಲ್ಲ.

ದಾರಿ ಇನ್ನೂ ಉಳಿದಿತ್ತು. ಅವರು ಕೈ ಚಾಚಿ, "ಕೊಡ್ರಿ ಇತ್ಲಾಗ. ಎಲ್ಲಾ ಗೊತ್ತಾದ ಮ್ಯಾಲ ಇನ್ಯಾತರ ಅಂಜಿಕಿ?" ಎಂದು ಪುಸ್ತಕ ತೆಗೆದುಕೊಂಡರು. ರೂಢಿಯಂತೆ ಹಿಂದಿನಿಂದ ತೆರೆದು, ಒಂದೊಂದೇ ಹಾಳೆ ಮಗುಚುತ್ತ ಮೊದಲ ಪುಟಕ್ಕೆ ಬಂದು ಓದತೊಡಗಿದರು. ಈಗ ಹೆಗಲ ಮೇಲಿಂದ ಇಣುಕುವ ಪಾಳಿ ನನ್ನದು. ಗೊತ್ತಿದ್ದ ಕಥೆ, ಆ ಪುಟ ನನ್ನ ಕಣ್ಣಿಗೆ ಒಂದು ನಿಮಿಷದ ಕೆಲಸ. ಬಹಳ ಹೊತ್ತಿನ ಮೇಲೆ ಅವರು ಕೊನೆಯ ಸಾಲಿಗೆ ಬಂದು, ಹಾಳೆಯ ತುದಿ ಹಿಡಿದು, ನನ್ನ ಕಡೆ ತಿರುಗಿದರು.

"ಆಯ್ತೇನ್ರಿ ಮಾಸ್ತರ?"

"ತಡೀರಿ," ಎಂದೆ. "ಇನ್ನಾ ಎರಡು ಸಾಲು ಅವ."