ಕಲೆ ತೆಗೆಯುವವಳ ಮಗಳು

ಬೀದಿಯವರಿಗೆಲ್ಲ ಅವಳು ಇಸ್ತ್ರಿ ಅಕ್ಕ. ಮನೆಯ ಮುಂದಿನ ಕೋಣೆಯೇ ಅವಳ ಲಾಂಡ್ರಿ. ಉದ್ದನೆಯ ಮೇಜಿನ ಮೇಲೆ ಅಲ್ಲಲ್ಲಿ ಸುಟ್ಟ ಕಂಬಳಿ, ಹಿಂದೆ ಮನೆಗೊಂದು ಬಣ್ಣದ ದಾರ ಕಟ್ಟಿದ ಬಟ್ಟೆಗಂಟುಗಳು. "ಅವಳ ಕೈಗೆ ಕೊಡಿ, ಚಂದ್ರನ ಮೇಲಿರೋ ಕಲೆಯನ್ನೂ ತೆಗೆದುಕೊಡ್ತಾಳೆ" ಎಂದು ಎದುರಿನ ಚಪ್ಪಲಿ ಅಂಗಡಿಯವನು ನಗುತ್ತಿದ್ದ. ಬಟ್ಟೆಯಲ್ಲಿ ಏನು ಕಂಡರೂ ಬಾಯಿ ಬಿಡಬಾರದು ಎಂಬುದು ಅವಳ ಕಸುಬಿನ ನೀತಿ. ಗಿರಾಕಿಗಳು ಬಟ್ಟೆಯ ಜೊತೆ ತಮ್ಮ ಮಾನವನ್ನೂ ಬಿಟ್ಟುಹೋಗಿರುತ್ತಾರೆ ಎನ್ನುತ್ತಿದ್ದಳು.

ಗಂಡ ತೀರಿಕೊಂಡಾಗ ದೊಡ್ಡ ಮಗಳು ಆಗಷ್ಟೇ ಶಾಲೆಗೆ ಹೊಂದಿಕೊಂಡಿದ್ದಳು, ಚಿಕ್ಕವಳಿನ್ನೂ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಮೂಲವ್ಯಾಧಿ ಎಂದುಕೊಂಡು ಅವನು ವರ್ಷಗಟ್ಟಲೆ ಮುಚ್ಚಿಟ್ಟದ್ದು ಕೊನೆಗೆ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಅವಳು ಬೀದಿಗೆ ಕಾಮಾಲೆ ಎಂದಳು. ಕ್ಯಾನ್ಸರ್ ಇದ್ದ ಮನೆಗೆ ಯಾರು ಬಟ್ಟೆ ಹಾಕುತ್ತಾರೆ? ಮಕ್ಕಳಿಗೂ ಅದನ್ನೇ ಹೇಳಿದಳು. ಹೇಳಿ ಹೇಳಿ ಅವಳ ನಾಲಿಗೆಗೂ ಅದೇ ರೂಢಿಯಾಯಿತು.

ದೊಡ್ಡವಳಿಗೆ ಹದಿಮೂರು ತುಂಬಿದ ಮೇಲೆ ಅವಳ ಒಳಉಡುಪಿನಲ್ಲಿ ರಕ್ತ ಕಾಣತೊಡಗಿತು. ಮೈನೆರೆದಿದ್ದಾಳೆ, ನಾಚಿಕೆಯ ಹುಡುಗಿ, ತಾನಾಗಿ ಹೇಳಲಿ ಎಂದು ತಾಯಿ ತಣ್ಣೀರಿಗೆ ಉಪ್ಪು ಹಾಕಿ ನೆನೆಸಿ, ತೊಳೆದು, ಮಡಿಸಿಟ್ಟಳು. ಕಪಾಟಿನಲ್ಲಿ ಪ್ಯಾಡಿನ ಪೊಟ್ಟಣ ತಂದಿಟ್ಟಳು. ವಾರ ಕಳೆಯುವುದರೊಳಗೆ ಮತ್ತೆ ಕಲೆ. ಪೊಟ್ಟಣ ಬಿಚ್ಚಿರಲಿಲ್ಲ. ಮೊದಮೊದಲು ಹೀಗೇ ಏರುಪೇರು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅದನ್ನೂ ತೊಳೆದಳು.

ಹೀಗೇ ತಿಂಗಳುಗಳು ಕಳೆದ ಮೇಲೆ ಒಂದು ದಿನ ಹುಡುಗಿ ಶಾಲೆಯಲ್ಲಿ ತಲೆಸುತ್ತಿ ಬಿದ್ದಳು. ಮೈಯಲ್ಲಿ ರಕ್ತವೇ ಇಲ್ಲ ಎಂದು ಮಕ್ಕಳ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ಡಾಕ್ಟರಮ್ಮ ಮೆತ್ತಗೆ ಕೇಳಿದಾಗ ಹುಡುಗಿ ತಲೆ ತಗ್ಗಿಸಿ, ಕಕ್ಕಸಿಗೆ ಹೋದಾಗಲೆಲ್ಲ ರಕ್ತ ಹೋಗುತ್ತದೆ, ಒಂದು ವರ್ಷದಿಂದ, ಎಂದಳು.

"ನಂಗ್ಯಾಕೆ ಹೇಳ್ಲಿಲ್ವೇ?" ತಾಯಿ ಅವಳ ರಟ್ಟೆ ಹಿಡಿದಳು.

"ನಿಂಗೆ ಗೊತ್ತಲ್ಲಮ್ಮ. ನೀನೇ ತೊಳೀತಿದ್ಯಲ್ಲ."

ತಾಯಿಯ ಕೈ ತಾನಾಗಿ ಸಡಿಲವಾಯಿತು.

"ಗಾಬರಿಯಾಗ್ಬೇಡಿ. ಮಕ್ಕಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಗಂಟು ಇರುತ್ತೆ, ಪಾಲಿಪ್ ಅಂತೀವಿ" ಎಂದರು ಡಾಕ್ಟರಮ್ಮ. "ಕ್ಯಾಮೆರಾ ಇರೋ ಕೊಳವೆ ಹಾಕಿ ನೋಡುವಾಗ್ಲೇ ತೆಗೆದುಬಿಡ್ತೀವಿ. ಮನೇಲಿ ಯಾರಿಗಾದ್ರೂ ಕರುಳಿನ ಕಾಯಿಲೆ ಇತ್ತಾ?"

"ಇಲ್ಲ." ಪಕ್ಕದಲ್ಲಿ ಮಗಳು ಕೂತಿದ್ದಳು. ಮನಸ್ಸಿಗಿಂತ ಮುಂಚೆ ಬಾಯಿ ಉತ್ತರ ಕೊಟ್ಟಿತ್ತು. ಒಂದೇ ಗಂಟು, ತೆಗೆದರೆ ಮುಗಿಯಿತು ಎಂಬ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮನೆಗೆ ಬಂದಳು.

ಪರೀಕ್ಷೆಯ ಹಿಂದಿನ ದಿನ ಊಟವಿಲ್ಲ, ಬರೀ ತಿಳಿನೀರು ಮತ್ತು ಕರುಳು ತೊಳೆಯುವ ಔಷಧಿ. ದೊಡ್ಡವಳು ಮೂಗು ಹಿಡಿದು ಕುಡಿದಳು, ಓಡಿದಳು, ಮತ್ತೆ ಕುಡಿದಳು. ಚಿಕ್ಕವಳು ಕಕ್ಕಸಿನ ಬಾಗಿಲು ತಟ್ಟಿ, "ಅಕ್ಕಾ, ಇನ್ನೂ ಇದೀಯಾ, ನೀನೂ ಅದರ ಜೊತೆ ಹೋಗ್ಬಿಟ್ಯಾ?" ಎಂದಳು. ಒಳಗಿನಿಂದ, "ಹೋದೆ ಕಣೇ, ನನ್ನ ಹಾಸಿಗೆ ನಿಂಗೆ!" ಎಂಬ ಉತ್ತರ ಬಂತು. ಮೂವರೂ ನಕ್ಕರು. ಆ ಮನೆಯಲ್ಲಿ ಅಷ್ಟು ನಗು ಬಹಳ ಕಾಲದಿಂದ ಕೇಳಿರಲಿಲ್ಲ.

ಮರುದಿನ ಹುಡುಗಿಗೆ ಮಂಪರು ಕೊಟ್ಟು ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಹೊರಗೆ ಬಂದು ತಾಯಿಯನ್ನು ಬೇರೆ ಕೋಣೆಗೆ ಕರೆದು ಚಿತ್ರ ತೋರಿಸಿದರು. ನಸುಗೆಂಪು ಗೋಡೆಯ ಮೇಲೆ ಸಾಸಿವೆ ಎರಚಿದಂತೆ ಗಂಟುಗಳು.

"ಒಂದಲ್ಲಮ್ಮ. ಎಣಿಸೋಕಾಗಲ್ಲ. ಇದು ವಂಶದಲ್ಲಿ ಬರೋ ಥರ ಕಾಣುತ್ತೆ."

"ಅವರಪ್ಪ..." ಎಂದಳು ಅವಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಗಂಟಿನ ತುಣುಕು ಪರೀಕ್ಷೆಗೆ ಕಳಿಸಿದೀವಿ. ಇದು ಈಗ್ಲೇ ಕ್ಯಾನ್ಸರ್ ಅಂತ ಅಲ್ಲ. ಆದ್ರೆ ಬಿಟ್ರೆ ಆಗೇ ಆಗುತ್ತೆ. ದೊಡ್ಡ ಕರುಳನ್ನೇ ತೆಗೀಬೇಕಾಗುತ್ತೆ" ಎಂದರು.

"ನಾನು ಮೊದ್ಲೇ ಹೇಳಿದ್ದಿದ್ರೆ?"

ಅವರು ಹೊಸ ಚೀಟಿ ಎಳೆದುಕೊಂಡು, "ಇವಳಿಗೊಬ್ಬಳು ತಂಗಿ ಇದಾಳಲ್ವಾ?" ಎಂದು ಕೇಳಿದರು.

ಮಂಪರು ಇಳಿದಾಗ ಹುಡುಗಿ ಮೊದಲು ಕೇಳಿದ್ದು, "ಒಂದೇ ಇತ್ತಾಮ್ಮಾ?"

ಇನ್ನೊಂದು ಸುಳ್ಳು ಸಿದ್ಧವಾಗಿಯೇ ನಾಲಿಗೆಯ ತುದಿಗೆ ಬಂದಿತ್ತು. ತಾಯಿ ಅದನ್ನು ನುಂಗಿಕೊಂಡಳು. "ಇಲ್ಲ ಕಂದಾ, ತುಂಬ ಇವೆ. ನಿಮ್ಮಪ್ಪಂಗೂ ಇದೇ ಇತ್ತು. ಕಾಮಾಲೆ ಅಲ್ಲ."

ಹುಡುಗಿ ಗೋಡೆಯ ಕಡೆ ಹೊರಳಿದಳು. ಅತ್ತಲಿಂದಲೇ, "ಚಿಕ್ಕೋಳಿಗೂ?" ಎಂದಳು.

"ಗೊತ್ತಿಲ್ಲ. ನೋಡಿಸ್ಬೇಕಂತೆ."

"ಅವಳಿಗೆ ಈಗ್ಲೇ ನೋಡಿಸು."

ತಾಯಿ ನೋಂದಣಿಯ ಕಿಟಕಿಗೆ ಹೋಗಿ ಚಿಕ್ಕವಳ ಹೆಸರು, ವಯಸ್ಸು ಹೇಳಿದಳು.

"ತೊಂದರೆ ಏನು?" ಗುಮಾಸ್ತ ತಲೆ ಎತ್ತಲಿಲ್ಲ.

"ತೊಂದರೆ ಏನೂ ಇಲ್ಲಣ್ಣ. ಚೆನ್ನಾಗಿದಾಳೆ. ಆಡ್ಕೊಂಡಿದಾಳೆ."

"ಏನೂ ಇಲ್ದೆ ಆಸ್ಪತ್ರೆಗ್ಯಾಕಮ್ಮ?"

ಹಿಂದೆ ಸಾಲು ಬೆಳೆದಿತ್ತು. ಅವಳು ಕಿಟಕಿಯ ಸರಳು ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ, "ಅವರಪ್ಪ ಕರುಳಿನ ಕ್ಯಾನ್ಸರಲ್ಲಿ ಸತ್ರು. ಅಕ್ಕಂಗೂ ಕರುಳಲ್ಲಿ ಗಂಟಿವೆ. ಬರ್ಕೊಳ್ಳಿ" ಎಂದಳು.

ಗುಮಾಸ್ತ ಬರೆದ. ಓದಲು ಬಾರದ ಅವಳು, ಅವನು ಅದನ್ನೇ ಬರೆದನೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುತ್ತ ಅಲ್ಲೇ ನಿಂತಳು.