ಖಾಲಿ ಕಾಣಬೇಕಾದ ಮನೆ

ಮನೆಗೆ ಮರಳುವ ಹಾಡು ಕೇಳಿ ಕೇಳಿ ನನಗೆ ಸಾಕಾಗಿದೆ. ಕೋಟೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಅದೇ, ಮದುವೆ ಹಾಲಿನಲ್ಲಿ ಅದೇ, ಬ್ರಹ್ಮಾವರದ ಹಾಸ್ಟೆಲಿನಲ್ಲಿರುವ ಮೊಮ್ಮಗಳು ಆದಿತ್ಯವಾರ ಬಂದರೆ ಅವಳ ಮೊಬೈಲಿನಲ್ಲೂ ಅದೇ. ಎಲ್ಲ ಹಾಡಿನಲ್ಲೂ ಬರುವವನು ಗಂಡಸು. ಬರುವ ಹೊತ್ತು ಸಂಜೆ. ತಾಯಿಯಾದವಳು ದೀಪ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ನಾನು ಬೀಜಾಡಿಯಲ್ಲಿ ಜೀವಮಾನವಿಡೀ ಮೀನು ಮಾರಿದವಳು. ಸಂಜೆ ಹೊತ್ತಿಗೆ ನನಗಿದ್ದದ್ದು ಬುಟ್ಟಿ ತಿಕ್ಕುವ ಕೆಲಸ. ದೀಪ ಹಿಡಿದು ನಿಂತಿದ್ದರೆ ಉಳಿದ ಬಂಗುಡೆಯನ್ನು ಬೆಕ್ಕು ಎತ್ತಿಕೊಂಡು ಹೋಗುತ್ತಿತ್ತು. ಮತ್ತೆ, ಹಾಡಿನವನು ಬಂದವನೇ ಮಣ್ಣು ಮುಟ್ಟಿ ಅಳುತ್ತಾನೆ. ನಾನು ಕಂಡ ಹಾಗೆ ಬೊಂಬಾಯಿ ಬಸ್ಸು ಇಳಿದವರು ಮೊದಲು ಓಡುವುದು ಹಿತ್ತಲಿಗೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮಾತು ಅಂತ ಬೇಕಾದರೆ ಬಿಟ್ಟುಬಿಡಿ. ಆದರೆ ಹೆಣ್ಣುಮಕ್ಕಳು ಮನೆಗೆ ಬರುವ ಹಾಡು ಯಾಕಿಲ್ಲ ಅಂತ ನಾನು ಯೋಚನೆ ಮಾಡಿದ್ದುಂಟು. ನಮ್ಮಲ್ಲಿ ಹೊಸ ಮದುಮಗಳನ್ನು ಆಸಾಡಿ ತಿಂಗಳಿಗೆ ತವರಿಗೆ ಕರೆಯುವ ಕ್ರಮ. ಕರೆದು, ಕಡುಬು ತಿನ್ನಿಸಿ, ತಿಂಗಳು ಮುಗಿದ ಕೂಡಲೇ ಕಳಿಸುವುದೂ ಕ್ರಮವೇ. ಅಂದರೆ ಹೆಣ್ಣುಮಕ್ಕಳು ಬರುವಾಗಲೇ ಹೋಗುವ ಟಿಕೇಟೂ ತೆಗೆದಿರಬೇಕು. ತೆಗೆಯದೆ ಬಂದವಳಿಗೆ ಯಾವ ರಾಗವೂ ಇಲ್ಲ.

ನನ್ನ ಮಗಳು ಗಿರಿಜ ಹಾಗೆ ಬಂದವಳು. ಮದುವೆಯಾಗಿ ಇಷ್ಟು ವರ್ಷದ ಮೇಲೆ, ಬೈಂದೂರಿನ ಗಂಡನ ಮನೆಯಿಂದ ಒಂದು ಚೀಲ ಹಿಡಿದುಕೊಂಡು. ಅವನು ಕುಡಿದರೆ ಹೊಡೆಯುತ್ತಾನೆ, ಕುಡಿಯದಿದ್ದರೆ ಕುಡಿಯಲಿಕ್ಕೆ ಸಿಗಲಿಲ್ಲ ಅಂತ ಹೊಡೆಯುತ್ತಾನೆ. ಇಷ್ಟೇ ವಿಷಯ, ಉದ್ದ ಮಾಡಲಿಕ್ಕಿಲ್ಲ. ಊರವರು ಮಾತ್ರ ಸಿಕ್ಕಿದಲ್ಲೆಲ್ಲ ಮಾತಾಡಿಸುತ್ತಾರೆ. "ಯಾವಾಗ ಬಂದದ್ದ್?" ಅಂತ ಶುರು ಮಾಡಿ "ಯಾವಾಗ ಹೋಪ್ದ್?" ಅಂತ ಮುಗಿಸುತ್ತಾರೆ. ಮನಸ್ಸು ಕೆಟ್ಟದ್ದಲ್ಲ, ನಮ್ಮ ಕಡೆ ಅದು ನಮಸ್ಕಾರದ ಹಾಗೆ. ಗಿರಿಜ "ಕಾಂಬ" ಅನ್ನುತ್ತಿದ್ದಳು, ನೋಡುವ ಅಂತ. ಅದೊಂದೇ ಮಾತು ಹೇಳಿ ಹೇಳಿ ಅವಳ ಮುಖ ಸಣ್ಣದಾಗುತ್ತ ಬಂತು.

ಅಷ್ಟರಲ್ಲಿ ನನ್ನ ತಮ್ಮನ ಮಗ ಸುಧಾಕರ ಬೊಂಬಾಯಿಯಿಂದ ಬಂದ. ಅಲ್ಲಿ ಕ್ಯಾಂಟೀನು ಇಟ್ಟವನು, ಜೊತೆಗೆ ಹಾಡುವ ಹುಚ್ಚು. ಆಲ್ಬಮ್ ಮಾಡಿದ್ದಾನಂತೆ, ಅದರಲ್ಲಿರುವ ಹಾಡೆಲ್ಲ ಊರಿಗೆ ಮರಳುವುದೇ. ಅವನು ಮಾತ್ರ ಸೆಕೆ ತಡೆಯುವುದಿಲ್ಲ ಅಂತ ಕುಂದಾಪುರದ ಲಾಡ್ಜಿನಲ್ಲಿ ಉಳಿದಿದ್ದ. ನನ್ನದು ಹಂಚಿನ ಮನೆಯಲ್ಲವಾ, ಹಾಡಿನ ವಿಡಿಯೋ ಮಾಡಲಿಕ್ಕೆ ಕ್ಯಾಮೆರಾದವರನ್ನು ಇಲ್ಲಿಗೇ ಕರೆತಂದ. ನಾನು ಜಗಲಿಯಲ್ಲಿ ಕೂತು, ದಾರಿ ನೋಡುತ್ತ, ಸೆರಗಿನಲ್ಲಿ ಕಣ್ಣು ಒರೆಸಬೇಕಂತೆ. ನೀರುಳ್ಳಿ ಕೊಟ್ಟರೆ ನೋಡುವ ಅಂದೆ. ಕೂತು ಕೂತು ಸೊಂಟ ಹಿಡಿಯಿತು. ಕ್ಯಾಮೆರಾದವನಿಗೆ ನನ್ನ ಮುಖದಲ್ಲಿ ತುಂಬ ದುಃಖ ಕಂಡಿತಂತೆ. ಅದು ಸೊಂಟದ್ದು.

ಆಗ ಸುಧಾಕರನ ಕಣ್ಣಿಗೆ ಅಂಗಳದ ಹಗ್ಗ ಬಿತ್ತು. ಗಿರಿಜನ ಸೀರೆ, ನೈಟಿ ಒಣಗುತ್ತಿದ್ದವು.

"ಅತ್ತೆ, ಗಿರಿಜಕ್ಕನ್ ಬಟ್ಟಿ ಒಂಚೂರ್ ತೆಗುಕ್ ಆತ್ತಾ? ಮನೆ ಖಾಲಿ ಕಾಣ್ಕ್."

ನಾನು ಬಾಯಿ ತೆರೆಯುವ ಮೊದಲೇ ಗಿರಿಜ ಒಳಗಿಂದ ಬಂದು ಎಲ್ಲವನ್ನೂ ಎಳೆದುಕೊಂಡು ಹೋದಳು. ಜಗಲಿಯಿಂದ ಒಳಗೆ ಕಾಣುತ್ತದೆ. ಹಸಿ ಬಟ್ಟೆಯನ್ನು ಮಡಚಿ ಮಡಚಿ ಅದೇ ಚೀಲಕ್ಕೆ ತುಂಬುತ್ತಿದ್ದಳು. ಬಸ್ಸಿಗೆ ಹೊರಟವರಲ್ಲದೆ ಹಸಿ ಬಟ್ಟೆ ಯಾರೂ ಮಡಚುವುದಿಲ್ಲ. ಶೂಟಿಂಗ್ ನೋಡಲು ಬೇಲಿ ಹತ್ತಿರ ನಿಂತಿದ್ದ ಪಕ್ಕದ ಮನೆಯ ಪದ್ದುವಿಗೂ ಅದು ಕಂಡಿತು. ಏನಕ್ಕ, ಗಿರಿಜ ಹೊರಟಳಾ ಅಂತ ಅಲ್ಲಿಂದಲೇ ಕೇಳಿದಳು.

ನಾನು ಎದ್ದೆ. ಏಳಬೇಡಿ, ಇನ್ನೊಂದು ಸಲ ದಾರಿ ನೋಡಲಿಕ್ಕುಂಟು ಅಂತ ಕ್ಯಾಮೆರಾದವನು ಹೇಳುತ್ತಲೇ ಇದ್ದ. ಒಳಗೆ ಹೋಗಿ, ಚೀಲ ಕಸಿದುಕೊಂಡು ಬಂದು, ಒಂದೊಂದೇ ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿದೆ. ನೈಟಿಯನ್ನು ಎಲ್ಲಕ್ಕಿಂತ ಮುಂದೆ.

"ಗಿರಿಜ ಹೋತಿಲ್ಲೆ. ಇಲ್ಲೇ ಇರತ್ತ್. ಇನ್ ಯಾರೂ ಯಾವಾಗ ಹೋಪ್ದ್ ಅಂತ ಕೇಂಬುಕಾಗ."

ಪದ್ದು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಅಂತ ಹೋದಳು. ಸುಧಾಕರ, ಹಾಡು ಹಾಳಾಗುತ್ತದೆ ಅತ್ತೆ ಅಂದ. ಹಾಡಿನಲ್ಲಿ ಯಾರೋ ಮನೆಗೆ ಬರಬೇಕಲ್ಲ ಮಾರಾಯ, ಬಂದವರ ಬಟ್ಟೆ ಒಣಗಿಸುವುದೆಲ್ಲಿ ಅಂತ ಕೇಳಿದೆ. ಅವನು ಕ್ಯಾಮೆರಾದವರನ್ನು ಕರೆದುಕೊಂಡು ಶಂಕರನಾರಾಯಣದ ಕಡೆ ಬೇರೆ ಹಂಚಿನ ಮನೆ ಹುಡುಕಿಕೊಂಡು ಹೋದ. ಅಲ್ಲಿಯ ಮುದುಕಿ ಚೆನ್ನಾಗಿ ಅತ್ತಳಂತೆ. ಒಳ್ಳೆಯದಾಯಿತು.

ಗಿರಿಜ, ಬಂದಾಗಿನಿಂದ ಬಡಿಸಿದ್ದನ್ನು ನೆಂಟರ ಹಾಗೆ ತಲೆ ತಗ್ಗಿಸಿ ಉಂಡು ಏಳುತ್ತಿದ್ದವಳು, ಅಂದು ಊಟಕ್ಕೆ ಕೂತು ಒಂದು ತುತ್ತು ಬಾಯಿಗಿಟ್ಟು ನಿಲ್ಲಿಸಿದಳು.

"ಅಮ್ಮ, ಇದೆಂತ ಸಾರ್? ಕಾಯೂ ಇಲ್ಲೆ, ಹುಳಿಯೂ ಇಲ್ಲೆ."

ಸಾರಿನಲ್ಲಿ ಕುಂದು ಹುಡುಕುವುದು ಮನೆಯವರು ಮಾತ್ರ. ಸಂತೋಷವಾಯಿತು ಅಂತ ಹೇಳಿದರೆ ಇದೂ ಒಂದು ಹಾಡಾಗುತ್ತದೆ. ನಿಜಕ್ಕೂ ನನಗೆ ಸಿಟ್ಟು ಬಂತು, ಸೊಂಟ ಬೇರೆ ನೋಯುತ್ತಿತ್ತು. ನಾಳೆಯಿಂದ ನೀನೇ ಮಾಡು ಅಂತ ಹೇಳಿ, ಕೈ ತೊಳೆದು ಹೋಗಿ ಮಲಗಿದೆ.