ಗುಂಡು ಹೊಡೆಯದೆ ಕೇಳಿದ ಹಾಡು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಸತ್ತು ಎಷ್ಟೋ ವರ್ಷಗಳಾದ ಮೇಲೆ ಇಳಕಲ್ಲಿನಲ್ಲಿ ನಮ್ಮ ಮನೆಯ ಗೋಡೆಯಾಚೆಯಿಂದ ಅವಳು ಹಾಡುವುದು ಕೇಳತೊಡಗಿತು. ದೆವ್ವ ಅಂದುಕೊಳ್ಳಬೇಡಿ. ದೆವ್ವವಾಗಿದ್ದರೆ ಬೀರಪ್ಪನ ಭಂಡಾರ ಹಣೆಗೆ ಹಚ್ಚಿಕೊಂಡು ಸುಮ್ಮನೆ ಮಲಗುತ್ತಿದ್ದೆ. ಗೋಡೆಯಾಚೆ ಇದ್ದದ್ದು ವಿಡಿಯೋ ಗೇಮಿನ ಅಂಗಡಿ.

ಮೊದಲು ಅವಳ ಮಾತು. ಎಪ್ಪತ್ತರ ದಶಕದ ಮೊದಲಿನ ವರ್ಷಗಳು. ಕುಳಗೇರಿ ಕ್ರಾಸಿನಲ್ಲಿ ಇಳಿದು ಒಳಗೆ ನಡೆದುಹೋಗುವ ಊರಿನಲ್ಲಿ ನಮ್ಮ ಮನೆ. ನಸುಕಿನಲ್ಲಿ ಎದ್ದು ಇಬ್ಬರೂ ಎದುರುಬದುರು ಕೂತು ಜೋಳ ಬೀಸುತ್ತಿದ್ದೆವು. ಕಲ್ಲಿಗೆ ಒಂದೇ ಗೂಟ, ಅದರ ಮೇಲೆ ಇಬ್ಬರ ಕೈ. ಹಾಡೂ ಹಾಗೆಯೇ, ಅರ್ಧ ನಾನು ಅನ್ನಬೇಕು, ಅರ್ಧ ಅವಳು. ನನ್ನದು ಎತ್ತರದ ದನಿ. ಅವಳದು ಕೆಳಗಿನದು. ನಾನು ಅನ್ನುವಾಗಲೂ ಕಲ್ಲಿನ ಸದ್ದಿನೊಳಗೆ ಸೇರಿಕೊಂಡು ಗುಂಯ್ ಅನ್ನುತ್ತಲೇ ಇದ್ದು, ನಾನು ಬಿಟ್ಟ ಕೂಡಲೇ ತನ್ನ ಅರ್ಧ ಎತ್ತುತ್ತಿದ್ದಳು.

ಅವಳಿಗೆ ಕೆಮ್ಮು. ಕೆಮ್ಮು ಬಂದರೆ ಬಾಯಿ ನಿಲ್ಲುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಕೆಮ್ಮಿ ಮುಗಿಸಿ, ಅಷ್ಟು ಹೊತ್ತಿಗೆ ಹಾಡು ಎಲ್ಲಿಗೆ ಬಂದಿರಬೇಕೋ ಸರಿಯಾಗಿ ಅಲ್ಲಿಂದ ಹಿಡಿಯುತ್ತಿದ್ದಳು.

“ನಡುವ ಬಿಟ್ಟಿದ್ದು ಯಾರ ಅನ್ನಬೇಕ ಅದನ್ನ?” ಎಂದು ನಾನು ಬೈದರೆ ನಗುತ್ತಿದ್ದಳು.

“ಅಂದೀನಿ ಯಕ್ಕಾ, ಹೊಟ್ಟ್ಯಾಗ ಅಂದೀನಿ. ನಿನಗ ಕೇಳ್ಸಲಿಲ್ಲಂದ್ರ ನಾ ಏನ ಮಾಡ್ಲಿ?”

ಆ ಕೆಮ್ಮೇ ಅವಳನ್ನು ಒಯ್ದಿತು. ಬಾಗಲಕೋಟೆ ದವಾಖಾನೆಯಿಂದ ಎತ್ತಿನ ಗಾಡಿಯಲ್ಲಿ ತಂದೆವು. ಅವಳ ಮಗಳು ಇನ್ನೂ ಅಂಬೆಗಾಲಿಡುತ್ತಿತ್ತು. ಆಮೇಲೆ ಕ್ರಾಸಿನಲ್ಲಿ ಹಿಟ್ಟಿನ ಗಿರಣಿ ಬಂತು, ಬೀಸುವುದೂ ನಿಂತಿತು, ಹಾಡುವುದೂ ನಿಂತಿತು. ನಾವು ಇಳಕಲ್ಲಿಗೆ ಬಂದೆವು. ಗಂಡ ಮಗ್ಗಕ್ಕೆ ಕೂತ, ನಾನು ರಾಟೆಯಲ್ಲಿ ಅವನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುತ್ತ ಕೂತೆ. ಅವಳನ್ನು ನೆನೆಸಿ ಅಳುತ್ತಿದ್ದೆ ಅಂದರೆ ಸುಳ್ಳಾಗುತ್ತದೆ. ಕೆಲಸ ಇತ್ತು.

ಎಂಬತ್ತರ ದಶಕದ ಕೊನೆಗೆ ಆ ಮಗಳಿಗೆ ಮದುವೆ ಗೊತ್ತಾಯಿತು. ಸೀರೆ ತೆಗೆದುಕೊಳ್ಳಲು ಇಳಕಲ್ಲಿಗೆ ಬಂದವಳು ಹೊರಡುವಾಗ ಹೊಸ್ತಿಲಲ್ಲಿ ನಿಂತು ಕೇಳಿದಳು.

“ದೊಡ್ಡವ್ವಾ, ಅರಿಷಿಣ ಬೀಸೂ ದಿನ ನಮ್ಮವ್ವನ ಹಾಡು ನೀನ ಅನ್ನಬೇಕ ನೋಡು. ಆಕೀ ದನಿ ಅಂತೂ ನನಗ ನೆನಪಿಲ್ಲ. ಹಾಡರ ಕೇಳ್ತೇನಿ.”

“ಆತು, ಅಂತೇನಿ,” ಅಂದೆ. ಅವಳ ಬಸ್ಸು ಹೋದ ಮೇಲೆ ರಾಟೆಯ ಮುಂದೆ ಕೂತು ಎತ್ತಿದೆ. ನನ್ನ ಅರ್ಧ ಸರಾಗವಾಗಿ ಬಂತು. ಅವಳ ಅರ್ಧ ಇರಬೇಕಾದಲ್ಲಿ ಏನೂ ಇಲ್ಲ. ಒಂದು ಅಕ್ಷರ ಕೂಡ ಇಲ್ಲ. ಮಗಳು ಕೇಳಿದ್ದು ಆ ಅರ್ಧವನ್ನೇ.

ಅದೇ ಬೇಸಿಗೆಯಲ್ಲಿ ಪಕ್ಕದ ರೇಡಿಯೋ ರಿಪೇರಿಯವನು ತನ್ನ ಕಸುಬು ಬಿಟ್ಟು ವಿಡಿಯೋ ಗೇಮಿನ ಪೆಟ್ಟಿಗೆ ತಂದಿಟ್ಟ. ಗಾಜಿನೊಳಗೆ ಒಂದು ವಿಮಾನ ಮೇಲೆ ಮೇಲೆ ಹೋಗುವುದು, ಎದುರು ಬಂದದ್ದಕ್ಕೆಲ್ಲ ಗುಂಡು ಹೊಡೆಯುವುದು. ಅದಕ್ಕೊಂದು ಹಾಡು. ಮೊದಮೊದಲು ತಲೆ ಚಿಟ್ಟು ಹಿಡಿಯಿತು. ನಾಲ್ಕು ದಿನದಲ್ಲಿ ರಾಟೆ ತಿರುಗಿಸುವ ಕೈ ಅದರ ಲಯಕ್ಕೆ ಬಿತ್ತು. ಬೀಸುವ ಹಾಡಿನ ಹಾಗೆ ಅದಕ್ಕೂ ಮುಗಿಯುವುದು ಎಂಬುದಿಲ್ಲ, ಕೊನೆ ಬಂದಲ್ಲೇ ಮೊದಲು ಕೂಡುತ್ತದೆ. ಕೈ ನಿಲ್ಲದ ಹಾಗೆ ನೋಡಿಕೊಳ್ಳುವ ಹಾಡು ಅದು.

ಅದರಲ್ಲಿ ಇಬ್ಬರಿದ್ದರು. ಮೇಲೊಂದು ದನಿ, ಕೆಳಗೊಂದು ದನಿ. ಗುಂಡು ಹೊಡೆದಾಗಲೆಲ್ಲ ಕೆಳಗಿನದು ಕಡಿಯುತ್ತಿತ್ತು. ಗುಂಡು ನಿಂತ ಮೇಲೆ, ಅಷ್ಟು ಹೊತ್ತಿಗೆ ಹಾಡು ಎಲ್ಲಿಗೆ ಬಂದಿರಬೇಕೋ ಅಲ್ಲಿಂದ ಹಿಡಿಯುತ್ತಿತ್ತು. ಮೊದಲ ಸಲ ಅದು ಗೊತ್ತಾದಾಗ ನೂಲು ಕೈಯಲ್ಲೇ ಹರಿಯಿತು. ಎದುರಿಗೆ ಯಾರೋ ಬಂದು ಕೂತ ಹಾಗಾಗಿ ಕಾಲು ಹಿಂದಕ್ಕೆಳೆದುಕೊಂಡೆ.

ಅಲ್ಲಿಂದ ಮುಂದೆ ನನಗೆ ಬೇರೆ ಏನೂ ಕೇಳುತ್ತಿರಲಿಲ್ಲ. ಕರೆಂಟು ಹೋದರೆ ಮೇಲಿನ ದನಿ ನನ್ನ ತಲೆಯಲ್ಲಿ ಮುಂದುವರಿಯುತ್ತಿತ್ತು, ಕೆಳಗಿನದು ಬರುತ್ತಿರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಬಿಸಿಲಿಗೆ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಅಂಗಡಿಗೆ ಹೋದೆ.

“ಏನ ಅಕ್ಕಾರ, ನೀವೂ ವಿಮಾನಾ ಹಾರಸ್ತೀರೇನು?” ಎಂದ ಅಂಗಡಿಯವ.

“ನಿನ್ನ ವಿಮಾನಕ್ಕ ಬೆಂಕಿ ಹಚ್ಚಲಿ. ಗುಂಡ ಹೊಡದ ಕೂಡ್ಲೆ ಕೆಳಗಿನ ದನಿ ಯಾಕ ನಿಲ್ಲತೇತಿ, ಅದನ್ನ ಹೇಳು.”

ಅವನು ನನ್ನ ಮುಖ ನೋಡಿದ. ಅವನಿಗದು ಗೊತ್ತಿತ್ತು. “ಇದಕ್ಕ ಇರೋವು ಮೂರ ನಾಕ ಗಂಟಲ ಅಕ್ಕಾರ. ಗುಂಡಿಗೂ ಒಂದ ಬೇಕಲ್ರಿ, ಹಾಡೋದರ ಕಡಿಂದ ಕಸಗೋತೇತಿ. ಗುಂಡಿನ ಕೆಲಸ ಮುಗದ ಮ್ಯಾಲ ಹೊಳ್ಳಿ ಕೊಡತೇತಿ.”

“ಹಂಗಾರ ಗುಂಡ ಹೊಡೀಬ್ಯಾಡ. ನನಗ ಪೂರಾ ಕೇಳಬೇಕು.”

“ಹೊಡೀದಿದ್ರ ಸಾಯತೇನಲ್ರಿ!”

“ಸಾಯಿ. ತಪ್ಪಿಸ್ಕೊಳ್ಳಾಕ ಬಂದಷ್ಟು ಹೊತ್ತು ತಪ್ಪಿಸ್ಕೊ.”

ನಗುತ್ತಲೇ ಶುರು ಮಾಡಿದ. ಕೂಡಲೇ ಸತ್ತ. ಸತ್ತದ್ದಕ್ಕೂ ಒಂದು ಚಿಕ್ಕ ಹಾಡು ಇತ್ತು, ಮೆಟ್ಟಿಲು ಇಳಿದ ಹಾಗೆ ಇಳಿದು ನಿಲ್ಲುವಂಥದ್ದು. ಮತ್ತೆ ಶುರು ಮಾಡಿದ, ಮತ್ತೆ ಸತ್ತ. ಅವನಿಗೆ ಹಟ ಬಂತು. ಅಂಗಿ ತೋಳು ಮಡಚಿದ. “ಸುಮ್ನ ಹೋಗಾಕ ಬಿಡೂದಿಲ್ಲಲೇ ನೀವು,” ಎಂದು ಗಾಜಿನೊಳಗಿನವರಿಗೆ ಬೈಯುತ್ತ ವಿಮಾನವನ್ನು ಆ ಮೂಲೆ ಈ ಮೂಲೆ ಓಡಿಸಿದ. ಗಂಡ ಗೋಡೆಯಾಚೆಯಿಂದ ಕೂಗಿದ: “ಕಂಡಿಕಿ ತೀರ್ಯಾವು. ಯುದ್ಧ ಮುಗೀತೇನ ನಿಮ್ದು?” ನಾನು ಬೆಂಚಿನ ಮೇಲೆ ಇನ್ನಷ್ಟು ಮುಂದಕ್ಕೆ ಸರಿದು ಕೂತೆ.

ಯಾಕೆಂದರೆ ಆಗ ಅದು ಬರುತ್ತಿತ್ತು. ಒಂದೂ ಗುಂಡಿಲ್ಲದೆ, ಇಬ್ಬರೂ. ಕೆಳಗಿನದು ಮೇಲಿನದಕ್ಕೆ ಬರೀ ಒತ್ತು ಕೊಡುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಅದಕ್ಕೆ ತನ್ನದೇ ದಾರಿ ಇತ್ತು. ಮೇಲಿನದು ಹತ್ತುವಾಗ ಇಳಿಯುತ್ತಿತ್ತು, ಮೇಲಿನದು ಉಸಿರು ಬಿಟ್ಟಲ್ಲಿ ಎದ್ದು ಉತ್ತರ ಕೊಡುತ್ತಿತ್ತು. ಅದನ್ನು ಕಟ್ಟಿದವರು ಯಾವ ದೇಶದವರೋ, ಗಂಡೋ ಹೆಣ್ಣೋ. ಗುಂಡು ಹೊಡೆಯುವವರಿಗಾಗಿ ಕಟ್ಟಿದ್ದು, ಈ ಭಾಗ ಯಾರ ಕಿವಿಗೂ ಪೂರಾ ಬೀಳುವುದಿಲ್ಲ ಎಂದು ಅವರಿಗೆ ತಿಳಿದೇ ಇದ್ದೀತು. ಆದರೂ ಎಲ್ಲೂ ಮೈಗಳ್ಳತನ ಮಾಡದೆ ಕೊನೆಯವರೆಗೆ ಕಟ್ಟಿದ್ದರು. ಒಳ್ಳೆಯ ಕೆಲಸ ಎಂದು ನಾನು ಸುಲಭಕ್ಕೆ ಯಾವುದನ್ನೂ ಅಂದವಳಲ್ಲ. ಅದನ್ನು ಅಂದೆ.

ಹಾಡು ಸುತ್ತು ಹಾಕಿ ಮೊದಲಿಗೆ ಕೂಡಿದ ಮೇಲೆ ಅವನು ಸತ್ತ. ಬೆವರು ಒರೆಸಿಕೊಂಡು, “ನಾನೂ ಇವತ್ತ ಕೇಳಿದ್ನಿ ನೋಡ್ರಿ ಇದನ್ನ,” ಎಂದ.

ಕೇಳಿದರೆ ನೆಗೆಣ್ಣಿಯ ಪದಗಳು ಬಂದಾವು ಎಂಬ ಆಸೆ ನನಗಿತ್ತು. ಬರಲಿಲ್ಲ. ಆದರೆ ಬೆಂಚಿನ ಮೇಲೆ ನನ್ನ ಬಲಗೈ ಕಲ್ಲು ಬೀಸುವ ಹಾಗೆ ತಾನಾಗಿ ಸುತ್ತುತ್ತಿತ್ತು. ನನ್ನ ಅರ್ಧಕ್ಕೆ ಇಷ್ಟು ಸುತ್ತು, ಅವಳ ಅರ್ಧಕ್ಕೆ ಇಷ್ಟು. ಪದ ಹೋಗಿದ್ದವು, ಅವಳ ಪದ ಹಿಡಿಯುತ್ತಿದ್ದ ಹೊತ್ತು ಕೈಯಲ್ಲಿ ಉಳಿದಿತ್ತು. ಯಾರಾದರೂ ಹಾಡು ಬಲ್ಲವರನ್ನು ಕೇಳಿ ಬೇರೆ ಪದ ತುಂಬಿಸಿಕೊಳ್ಳಬಹುದಿತ್ತು, ಮಗಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ಒಲ್ಲೆ ಅಂದುಕೊಂಡೆ.

ಮದುವೆಗೆ ಊರಿಗೆ ಹೋದೆ. ಕಲ್ಲು ತೊಳೆದು ಕುಂಕುಮ ಹಚ್ಚಿ ಅಂಗಳದಲ್ಲಿ ಇಟ್ಟಿದ್ದರು. ಮುತ್ತೈದೆಯರು ಸುತ್ತ ಕೂತರು. ನನ್ನ ಎದುರಿಗೆ ಮಗಳನ್ನೇ ಕೂರಿಸಿದೆ. ಅರಿಷಿಣದ ಕೊಂಬಿನ ಚೂರು ಹಾಕಿ ಬೀಸತೊಡಗಿದೆವು. ನನ್ನ ಅರ್ಧ ಅಂದೆ. ಆಮೇಲೆ ಬಾಯಿ ಮುಚ್ಚಿ ಕಲ್ಲು ತಿರುಗಿಸಿದೆ, ನೆಗೆಣ್ಣಿಯ ಹೊತ್ತು ತುಂಬುವವರೆಗೆ. ಮತ್ತೆ ನನ್ನದು ಅಂದೆ. ಮತ್ತೆ ಮುಚ್ಚಿದೆ. ಕೂತವರು ಒಬ್ಬರ ಮುಖ ಒಬ್ಬರು ನೋಡಿದರು.

“ಯಾಕಬೇ, ಮರತೀಯೇನು?” ಎಂದಳು ಒಬ್ಬಳು. ನಾನು ಕಲ್ಲು ತಿರುಗಿಸುತ್ತಲೇ ಇದ್ದೆ.

ಮಗಳು ಗೂಟ ಬಿಡದೆ, ಸಣ್ಣ ದನಿಯಲ್ಲಿ ಕೇಳಿದಳು. “ದೊಡ್ಡವ್ವಾ, ನಮ್ಮವ್ವ ಇಲ್ಲೆ ಸುಮ್ನಾಗತಿದ್ಲೇನು?”

“ಇಲ್ಲ,” ಅಂದೆ. “ಇಲ್ಲೆ ನಾ ಸುಮ್ನಾಗತಿದ್ನಿ. ಆಕಿ ಹಾಡತಿದ್ಲು.”

ಮುಂದಿನ ಸಲ ನಾನು ಬಾಯಿ ಮುಚ್ಚಿದಾಗ ಮಗಳು ಕಲ್ಲಿನ ಕಡೆ ಕಿವಿ ಬಾಗಿಸಿದಳು.